ಎನಿಡ್ ಹೌಪ್ಟ್ ಅವರ ಗಾಜಿನಮನೆಗೆ ಅಮ್ಮನ ಜೊತೆ ಹೋಗಿ ಬಂದೆ

ಒಳಗೆ ಕಾಲಿಟ್ಟ ಕೂಡಲೇ ನನ್ನ ಕನ್ನಡಕ ಮಂಜಾಯಿತು. ಹೊರಗೆ ಮಾರ್ಚ್ ತಿಂಗಳ ಗಾಳಿ ಕಿವಿ ಕೊರೆಯುತ್ತಿತ್ತು. ಒಳಗೆ ಮಳೆ ಬಂದು ನಿಂತ ಮೇಲಿನ ಕಾಡಿನ ಹಾಗೆ ಬೆಚ್ಚಗೆ, ತೇವ. ವೀಲ್‌ಚೇರ್‌ನಲ್ಲಿ ಕೂತಿದ್ದ ಅಮ್ಮ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡು, "ಮಣ್ಣಿನ ವಾಸನೆ ಬರ್ತಿದೆ ಕಣೇ" ಅಂದಳು. ಆಸ್ಪತ್ರೆಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವಳಾಗೇ ಬಾಯಿ ಬಿಟ್ಟು ಮಾತು ಶುರು ಮಾಡಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಅದಕ್ಕೇ ಈ ಜಾಗದ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಇದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿದೆ. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ ಅಂತ, 1891ರಲ್ಲಿ ಶುರುವಾದ 250 ಎಕರೆಯ ತೋಟ. ಅದರೊಳಗಿನ ದೊಡ್ಡ ಗಾಜಿನಮನೆಯ ಹೆಸರು ಎನಿಡ್ ಎ. ಹೌಪ್ಟ್ ಕನ್ಸರ್ವೇಟರಿ. ಹೆಸರು ಓದಿ ಮುಂದೆ ಹೋಗುವವರೇ ಜಾಸ್ತಿ, ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಈ ಸಲ ಹೊರಡುವ ಮುಂಚೆ ರಾತ್ರಿಯೆಲ್ಲ ಕೂತು ಈ ಹೆಂಗಸಿನ ಬಗ್ಗೆ ಓದಿದೆ. ಓದಿ ಹೋದದ್ದರಿಂದ ನೋಡಿದ್ದೆಲ್ಲ ಬೇರೆಯಾಗಿಯೇ ಕಂಡಿತು. ಹಾಗಾಗಿ ಗಾಜಿನಮನೆಯ ಜೊತೆ ಅವರ ಕತೆಯನ್ನೂ ಹೇಳುತ್ತೇನೆ.

ಎನಿಡ್ ಹುಟ್ಟಿದ್ದು 1906ರಲ್ಲಿ, ಷಿಕಾಗೋದಲ್ಲಿ. ತವರಿನ ಹೆಸರು ಆನೆನ್‌ಬರ್ಗ್. ಅಪ್ಪ ಮೋಸೆಸ್ ಆನೆನ್‌ಬರ್ಗ್ ಪೂರ್ವ ಪ್ರಷ್ಯಾದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಪೇಪರ್ ಮಾರಾಟದ ಕೆಲಸದಲ್ಲಿ ಪಳಗಿ, ಕುದುರೆ ರೇಸಿನ ಸುದ್ದಿ ಕೊಡುವ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯನ್ನು ಕೊಂಡು ಅದರಿಂದ ಭಾರಿ ದುಡ್ಡು ಮಾಡಿದವರು. 1936ರಲ್ಲಿ ಫಿಲಡೆಲ್ಫಿಯಾ ಇನ್‌ಕ್ವೈರರ್ ಅನ್ನೂ ಕೊಂಡರು. ಏಳು ಹೆಣ್ಣುಮಕ್ಕಳು, ಒಬ್ಬನೇ ಮಗ. ಆಮೇಲೆ ಆದಾಯ ತೆರಿಗೆ ತಪ್ಪಿಸಿದ ಕೇಸು ಬಂತು. 1940ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು, 1942ರಲ್ಲಿ ಹೊರಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡರು.

ಕಾರಿನಲ್ಲಿ ಹೋಗುತ್ತಾ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪ ಜೈಲಿಗೆ ಹೋದ ಮನೆ ಹೆಣ್ಣುಮಕ್ಕಳು ನಾಲ್ಕು ಜನರ ಎದುರಿಗೆ ಓಡಾಡೋದು ಕಷ್ಟ" ಅಂದಳು. ಎಷ್ಟೇ ದುಡ್ಡಿದ್ದರೂ ಅದು ಕಷ್ಟವೇ ಅಲ್ವಾ.

ಮಗ ವಾಲ್ಟರ್ ಸಾಲದ ಸಮೇತ ಆ ಉದ್ಯಮವನ್ನು ಕೈಗೆತ್ತಿಕೊಂಡು ಇನ್ನೂ ದೊಡ್ಡದು ಮಾಡಿದರು. 1944ರಲ್ಲಿ ಹದಿಹರೆಯದ ಹುಡುಗಿಯರಿಗಾಗಿ ಸೆವೆಂಟೀನ್ ಪತ್ರಿಕೆ ಶುರುಮಾಡಿದರು, 1953ರಲ್ಲಿ ಟಿವಿ ಗೈಡ್. ಸೆವೆಂಟೀನ್ ನೋಡಿಕೊಳ್ಳಲು ಅಕ್ಕ ಎನಿಡ್‌ರನ್ನೇ ಕರೆದರು. 1950ರ ದಶಕದಿಂದ 1970ರವರೆಗೆ ಎನಿಡ್ ಅದನ್ನು ನಡೆಸಿದರು. ಅಂದರೆ ಅಪ್ಪನ ಆಸ್ತಿ ತಿಂದುಕೊಂಡು ಮನೆಯಲ್ಲಿ ಕೂತವರಲ್ಲ, ಆಫೀಸಿಗೆ ಹೋಗಿ ದುಡಿದವರು. ಅಮೆರಿಕದ ಒಂದಿಡೀ ತಲೆಮಾರಿನ ಹುಡುಗಿಯರು ಅವರ ಕೈಯಲ್ಲಿ ತಯಾರಾದ ಪತ್ರಿಕೆ ಓದಿಯೇ ಬೆಳೆದರು.

ಗಿಡದ ಹುಚ್ಚು ಹತ್ತಿದ್ದು ಒಂದು ಹೂವಿನಿಂದ. ಮೊದಲ ಮದುವೆ ಮುರಿದಿತ್ತು. ಷೇರು ದಲ್ಲಾಳಿ ಐರಾ ಹೌಪ್ಟ್ ಇವರನ್ನು ಮೆಚ್ಚಿಕೊಂಡಿದ್ದ ಕಾಲದಲ್ಲಿ ಸಿಂಬಿಡಿಯಂ ಅನ್ನುವ ಆರ್ಕಿಡ್ ತಂದುಕೊಟ್ಟರಂತೆ. 1936ರಲ್ಲಿ ಇಬ್ಬರಿಗೂ ಮದುವೆಯಾಯಿತು. 1963ರಲ್ಲಿ ಐರಾ ತೀರಿಕೊಂಡರು. ಆರ್ಕಿಡ್ ಮೇಲಿನ ಪ್ರೀತಿ ಮಾತ್ರ ಎನಿಡ್ 2005ರಲ್ಲಿ, 99ನೇ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೂ ಹೋಗಲಿಲ್ಲ.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಈಗ ಗಾಜಿನಮನೆಗೆ ಬನ್ನಿ. ಇದನ್ನು ಕಟ್ಟಿದ್ದು ಎನಿಡ್ ಅಲ್ಲ. 1899ರಲ್ಲಿ ಕೆಲಸ ಶುರುವಾಗಿ 1902ರಲ್ಲಿ ಮುಗಿದ ಕಟ್ಟಡ ಇದು. ಲಾರ್ಡ್ ಅಂಡ್ ಬರ್ನ್‌ಹ್ಯಾಮ್ ಅನ್ನುವ ಗಾಜಿನಮನೆ ಕಂಪನಿ ಕಟ್ಟಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ತು ಕ್ಯೂ ತೋಟದ ಪಾಮ್ ಹೌಸ್ ನೋಡಿ ಕಲಿತ ಮಾದರಿ. ಲಾಲ್‌ಬಾಗಿನ ಗಾಜಿನಮನೆ ನೋಡಿದವರಿಗೆ ದೂರದಿಂದಲೇ "ಅರೆ, ಇವರಿಬ್ಬರೂ ಒಂದೇ ಕುಲದವರು" ಅನ್ನಿಸುತ್ತದೆ. ನಡುವೆ ಸುಮಾರು 90 ಅಡಿ ಎತ್ತರದ ಗುಮ್ಮಟ, ಅದರ ಎರಡೂ ಕಡೆ ತೋಳು ಚಾಚಿದ ಹಾಗೆ ಸಾಲು ಕೋಣೆಗಳು.

1970ರ ದಶಕದ ಹೊತ್ತಿಗೆ ನ್ಯೂಯಾರ್ಕ್ ನಗರವೇ ದಿವಾಳಿ ಅಂಚಿನಲ್ಲಿತ್ತು. ಗಾಜಿನಮನೆಗೆ ಯಾರು ದುಡ್ಡು ಹಾಕುತ್ತಾರೆ? ಕಬ್ಬಿಣ ತುಕ್ಕು ಹಿಡಿದು, ಗಾಜು ಒಡೆದು, ಕೆಡವಿಬಿಡೋಣ ಅನ್ನುವ ಮಾತು ಬಂದಿತ್ತು. ಆಗ ಎನಿಡ್ ರಿಪೇರಿಗೆ 50 ಲಕ್ಷ ಡಾಲರ್ ಕೊಟ್ಟರು. ಅದು ದೊಡ್ಡ ಮಾತೇ. ಆದರೆ ನನಗೆ ಹಿಡಿಸಿದ್ದು ಅದರ ಮುಂದಿನದು. ಇನ್ನೊಂದು 50 ಲಕ್ಷ ಡಾಲರ್ ಅನ್ನು ಬರೀ ನಿರ್ವಹಣೆಗೆ ಅಂತ ನಿಧಿಯಾಗಿ ಇಟ್ಟರು. 1978ರಲ್ಲಿ ಗಾಜಿನಮನೆ ಅವರ ಹೆಸರಿನಲ್ಲಿ ಮತ್ತೆ ತೆರೆಯಿತು.

ಕಟ್ಟಡಕ್ಕೆ ದುಡ್ಡು ಕೊಡುವವರು ಎಷ್ಟೋ ಜನ ಸಿಗುತ್ತಾರೆ. ಹೆಸರು ಕೆತ್ತುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಫೋಟೋ ಬರುತ್ತದೆ. ಆಮೇಲೆ ಹತ್ತು ವರ್ಷ ಬಿಟ್ಟು ಬಾಯ್ಲರ್ ಕೆಟ್ಟಾಗ, ಗಾಜು ಒಡೆದಾಗ, ತೋಟದವರ ಸಂಬಳ ಕೊಡಬೇಕಾದಾಗ ಯಾರಿರುತ್ತಾರೆ? ಗಿಡ ಸಾಕಿದವರಿಗೆ ಇದು ಗೊತ್ತು. ಗಿಡ ತರುವುದು ಒಂದು ದಿನದ ಕೆಲಸ, ನೀರು ಹಾಕುವುದು ದಿನದಿನದ ಕೆಲಸ. ಎನಿಡ್ ನೀರು ಹಾಕುವುದಕ್ಕೂ ದುಡ್ಡು ಕೊಟ್ಟು ಹೋದರು. ಈ ತೋಟವೊಂದಕ್ಕೇ ಅವರು ಒಟ್ಟು ಸುಮಾರು 3.4 ಕೋಟಿ ಡಾಲರ್ ಕೊಟ್ಟಿದ್ದಾರೆ.

ಗಾಜಿನಮನೆಯನ್ನು ಆಮೇಲೂ ನಗರ ಕೈಬಿಡಲಿಲ್ಲ, 1990ರ ದಶಕದಲ್ಲಿ ಮತ್ತೊಂದು ದೊಡ್ಡ ದುರಸ್ತಿ ನಡೆಯಿತು. ಇದೆಲ್ಲ ಕಣ್ಣಿಗೆ ಕಾಣುತ್ತದೆಯಾ? ಕಾಣುತ್ತದೆ. ಕಿಟಕಿಯ ಚೌಕಟ್ಟಿನ ಮೂಲೆ ನೋಡಿ. ಬಿಳಿ ಬಣ್ಣ ಎದ್ದಿಲ್ಲ. ಎಲೆಗಳ ಮೇಲೆ ಧೂಳಿಲ್ಲ. ನಾವಿದ್ದ ಹೊತ್ತಿನಲ್ಲೇ ಒಬ್ಬ ಹುಡುಗ ಸಣ್ಣ ಕತ್ತರಿ ಹಿಡಿದು ಒಣಗಿದ ಹೂವನ್ನಷ್ಟೇ ಒಂದೊಂದಾಗಿ ತೆಗೆಯುತ್ತಿದ್ದ. ಅವನ ಸೊಂಟಕ್ಕೆ ಕಟ್ಟಿದ ಚೀಲ ಅರ್ಧ ತುಂಬಿತ್ತು. ಅಮ್ಮ ಅವನನ್ನೇ ನೋಡುತ್ತಾ ಐದು ನಿಮಿಷ ಕೂತಳು. ನಾನೂ ಗಾಡಿ ಮುಂದಕ್ಕೆ ತಳ್ಳಲಿಲ್ಲ.

ಒಳಗಿನ ದಾರಿ ಸುಲಭ. ಗುಮ್ಮಟದ ಕೆಳಗೆ ತಾಳೆ ಜಾತಿಯ ಮರಗಳು, ಅಲ್ಲಿಂದ ಮಳೆಕಾಡು, ಆಮೇಲೆ ನೀರಿನ ಗಿಡ ಮತ್ತು ಬಳ್ಳಿಗಳು, ಆಮೇಲೆ ಅಮೆರಿಕ ಖಂಡಗಳ ಮರುಭೂಮಿ, ಆಫ್ರಿಕದ ಮರುಭೂಮಿ. ಮಳೆಕಾಡಿನ ಭಾಗ ನನಗೆ ತುಂಬಾ ಇಷ್ಟ. ಗಾಜಿನ ಮೇಲೆ ಕಟ್ಟಿದ ಹನಿ ಆಗಾಗ ತಲೆ ಮೇಲೆ ಬೀಳುತ್ತದೆ. ಅಮ್ಮನ ಎಡಗೈ ಮೇಲೆ ಒಂದು ಹನಿ ಬಿತ್ತು. ಆ ಕೈಗೆ ಸ್ಪರ್ಶ ಅಷ್ಟಾಗಿ ಗೊತ್ತಾಗುವುದಿಲ್ಲ. ಅವಳು ಬಲಗೈಯಿಂದ ಅದನ್ನು ಒರೆಸಲು ಹೋಗಿ, ಒರೆಸದೆ ಹಾಗೇ ಬಿಟ್ಟಳು. ಕೋಕೋ ಗಿಡದ ಹತ್ತಿರ ನಿಂತಾಗ, "ಕಾಯಿ ಕಾಂಡದಲ್ಲೇ ಬಿಡತ್ತಲ್ಲ, ಹಲಸಿನ ಥರ" ಅಂತ ಅವಳೇ ತೋರಿಸಿದಳು.

ಮರುಭೂಮಿ ಕೋಣೆಗೆ ಹೋದ ಕೂಡಲೇ ಗಾಳಿ ಒಣಗುತ್ತದೆ. ಮೂಗಿಗೇ ಗೊತ್ತಾಗುತ್ತದೆ. ಕಳ್ಳಿಗಳು ಚೆನ್ನಾಗಿವೆ, ಆದರೆ ನನಗೆ ಕಳ್ಳಿ ಮೇಲೆ ಅಷ್ಟು ಮೋಹ ಇಲ್ಲ, ಬೇಗ ದಾಟಿಬಿಟ್ಟೆವು.

ನಾವು ಹೋದದ್ದು ಆರ್ಕಿಡ್ ಪ್ರದರ್ಶನದ ಸಮಯ. ಪ್ರತಿ ವರ್ಷ ಚಳಿಗಾಲದ ಕೊನೆಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಸಾವಿರಾರು ಹೂ, ಕಣ್ಣು ಸಾಲುವುದಿಲ್ಲ. ನಾನು ಮಾತ್ರ ಸಿಂಬಿಡಿಯಂ ಹುಡುಕುತ್ತಿದ್ದೆ. ಸಿಕ್ಕಿತು. ತಿಳಿ ಹಸಿರು ಎಸಳು, ನಡುವೆ ಕೆಂಪು ಚುಕ್ಕೆಯ ತುಟಿ. ಹತ್ತಿರದಿಂದ ನೋಡಿದರೆ ಎಸಳು ಮೇಣದಲ್ಲಿ ಮಾಡಿದ ಹಾಗೆ ದಪ್ಪ. "ಇದೇ ಅಮ್ಮಾ, ಆ ಗಂಡ ತಂದುಕೊಟ್ಟ ಹೂವು" ಅಂದೆ. ಅಮ್ಮ ಅದನ್ನು ನೋಡಿ, "ಕಿತ್ತು ತಂದ್ನೋ, ಗಿಡಾನೇ ತಂದ್ನೋ?" ಅಂತ ಕೇಳಿದಳು. ಗಿಡವೇ ಇರಬೇಕು ಅಂದೆ. "ಹಾಗಾದ್ರೆ ಒಳ್ಳೆಯವನು" ಅಂದಳು.

ಹೋಗುವವರಿಗೆ ಒಂದಿಷ್ಟು ವಿಷಯ. ಟಿಕೆಟ್ ಅಗ್ಗ ಅಲ್ಲ. ಗಾಜಿನಮನೆ ಸೇರಿ ಎಲ್ಲ ನೋಡುವ ಟಿಕೆಟ್ ದೊಡ್ಡವರಿಗೆ 30 ಡಾಲರ್‌ಗಿಂತ ಜಾಸ್ತಿಯೇ. ನಾಲ್ಕು ಜನರ ಕುಟುಂಬಕ್ಕೆ ಅದು ಯೋಚಿಸಬೇಕಾದ ದುಡ್ಡು. ಹೊರಗಿನ ತೋಟಕ್ಕೆ ನಗರದವರಿಗೆ ರಿಯಾಯಿತಿ ಇರುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಿ. ಆರ್ಕಿಡ್ ಸಮಯದಲ್ಲಿ ಮತ್ತು ಡಿಸೆಂಬರಿನ ಆಟಿಕೆ ರೈಲಿನ ಪ್ರದರ್ಶನದ ಸಮಯದಲ್ಲಿ ಶನಿವಾರ ಭಾನುವಾರ ಹೋಗಬೇಡಿ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಆರಾಮು. ಆ ರೈಲಿನ ಪ್ರದರ್ಶನವೂ ಚೆಂದ. ನ್ಯೂಯಾರ್ಕಿನ ಕಟ್ಟಡಗಳನ್ನೆಲ್ಲ ಮರದ ತೊಗಟೆ, ಕಡ್ಡಿ, ಬೀಜ, ಎಲೆಗಳಲ್ಲಿ ಮಾಡಿಟ್ಟಿರುತ್ತಾರೆ, ನಡುವೆ ಪುಟ್ಟ ರೈಲು ಓಡುತ್ತದೆ. ಮಕ್ಕಳಿದ್ದರೆ ಅದಕ್ಕೇ ಹೋಗಿ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ-ನಾರ್ತ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಬೊಟಾನಿಕಲ್ ಗಾರ್ಡನ್ ಅನ್ನುವ ಸ್ಟೇಷನ್ನೇ ಬರುತ್ತದೆ, ಗೇಟು ಎದುರಿಗೇ ಇದೆ. ಚಳಿಗಾಲದಲ್ಲಿ ಹೋದರೆ ಒಳಗೆ ತೆಳು ಬಟ್ಟೆ ಹಾಕಿಕೊಳ್ಳಿ, ಮೇಲಿನ ಕೋಟು ತೆಗೆದು ಕೈಯಲ್ಲಿ ಹಿಡಿಯಲೇಬೇಕಾಗುತ್ತದೆ.

ಈಗ ಮನಸ್ಸಿನಲ್ಲಿರುವ ಇನ್ನೊಂದು ಮಾತು. ಅಮ್ಮನಿಗೆ ಪಾರ್ಶ್ವವಾಯು ಆದಾಗ ಒಂದು ಆಸ್ಪತ್ರೆಯಲ್ಲಿ ಏಳು ವಾರ ಇದ್ದಳು. ಡಾಕ್ಟರುಗಳು ಒಳ್ಳೆಯವರು, ಫಿಸಿಯೋಥೆರಪಿ ಚೆನ್ನಾಗಿತ್ತು. ಆದರೆ ಅವಳ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಬೂದು ಬಣ್ಣದ ಗೋಡೆ, ಒಂದು ಪೈಪು. ಏಳು ವಾರ ಅದನ್ನೇ ನೋಡಿದಳು. ಒಂದು ಕುಂಡ ತಂದಿಡುತ್ತೇನೆ ಅಂದರೆ ಒಳಗೆ ಮಣ್ಣು ತರುವ ಹಾಗಿಲ್ಲ ಅಂದರು. ನಿಯಮ ಇರಬಹುದು, ನಾನು ವಾದ ಮಾಡಲಿಲ್ಲ. ಆದರೆ ಆ ಗೋಡೆ ನನ್ನ ತಲೆಯಿಂದ ಹೋಗಿಲ್ಲ.

ಹಾಗಾಗಿ ಎನಿಡ್ ಬಗ್ಗೆ ಓದುವಾಗ ಗ್ಲಾಸ್ ಗಾರ್ಡನ್ ವಿಷಯ ಬಂದ ಕಡೆ ನನಗೆ ಓದು ಮುಂದೆ ಸಾಗಲಿಲ್ಲ. ಮ್ಯಾನ್‌ಹಟನ್ನಿನ ರಸ್ಕ್ ಪುನರ್ವಸತಿ ಸಂಸ್ಥೆಯಲ್ಲಿ, 1950ರ ದಶಕದ ಕೊನೆಗೇ, ಅವರು ರೋಗಿಗಳಿಗಾಗಿ ಒಂದು ಗಾಜಿನಮನೆ ಮಾಡಿಸಿದ್ದರು. ವೀಲ್‌ಚೇರ್‌ನಲ್ಲಿ ಕೂತವರು ಒಳಗೆ ಓಡಾಡಬಹುದು, ಗಿಡ ಮುಟ್ಟಬಹುದು, ಮಣ್ಣಲ್ಲಿ ಕೈಯಾಡಿಸಬಹುದು. ಗಿಡ ನೆಡುವುದನ್ನೇ ಚಿಕಿತ್ಸೆಯಾಗಿ ಅಲ್ಲಿ ಮಾಡಿಸುತ್ತಿದ್ದರು. ಬೆರಳು ಮಡಚಲು ಕಲಿಯಬೇಕಾದವರಿಗೆ ರಬ್ಬರ್ ಚೆಂಡಿನ ಬದಲು ಮಣ್ಣು! ಅಷ್ಟು ಹಿಂದೆಯೇ ಒಬ್ಬರಿಗೆ ಇದು ಹೊಳೆದಿತ್ತು. 2012ರ ಸ್ಯಾಂಡಿ ಚಂಡಮಾರುತದ ನಂತರ ಅದು ಮತ್ತೆ ತೆರೆಯಲಿಲ್ಲ, ಆ ಜಾಗದಲ್ಲಿ ಆಸ್ಪತ್ರೆಯ ಹೊಸ ಕಟ್ಟಡ ಬಂದಿದೆ. ಹೊಸ ಕಟ್ಟಡವೂ ಬೇಕಾದದ್ದೇ, ಗೊತ್ತು. ಆದರೂ ನನಗೆ ನೋವಾಯಿತು. ಅಮ್ಮನನ್ನು ಕರೆದುಕೊಂಡು ಹೋಗಲು ಅದು ಇದ್ದಿದ್ದರೆ ಅನ್ನಿಸಿತು.

ಎನಿಡ್ ಅವರ ಇನ್ನೊಂದು ತೋಟ ವಾಷಿಂಗ್ಟನ್ ಡಿ.ಸಿ.ಯಲ್ಲಿದೆ. ಅದನ್ನು ನಾನು ಎರಡು ವರ್ಷದ ಹಿಂದೆ ಒಬ್ಬಳೇ ನೋಡಿದ್ದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಕ್ಯಾಸಲ್ ಅನ್ನುವ ಕೆಂಪು ಕಲ್ಲಿನ ಕಟ್ಟಡದ ಹಿಂಭಾಗದಲ್ಲಿ, 4 ಎಕರೆಗಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ, 1987ರಲ್ಲಿ ತೆರೆದದ್ದು. ಇದಕ್ಕೆ ಟಿಕೆಟ್ಟೇ ಇಲ್ಲ. ಸಂಸ್ಥೆಯವರು ಮೊದಲು ಅದರೊಳಗಿನ ಒಂದು ಸಣ್ಣ ಝೆನ್ ತೋಟಕ್ಕೆ ಮಾತ್ರ ದುಡ್ಡು ಕೇಳಿದ್ದರಂತೆ. ಎನಿಡ್ ನಕ್ಷೆ ನೋಡಿ, ತುಂಡು ತೋಟಕ್ಕೆ ಕೊಡುವುದಿಲ್ಲ, ಕೊಟ್ಟರೆ ಇಡೀ ತೋಟಕ್ಕೇ ಕೊಡುತ್ತೇನೆ ಅಂದರಂತೆ. 30 ಲಕ್ಷ ಡಾಲರ್ ಕೊಟ್ಟರು. ಕೇಳಿದವರಿಗೆ ಎಷ್ಟು ಖುಷಿಯಾಗಿರಬೇಡ!

ಅಲ್ಲಿ ನಿಂತಾಗ ಗೊತ್ತೇ ಆಗುವುದಿಲ್ಲ, ಆದರೆ ಅದು ತಾರಸಿ ತೋಟ. ಕಾಲ ಕೆಳಗೆ ಏಷ್ಯಾದ ಕಲೆಯ ಮ್ಯೂಸಿಯಂ, ಆಫ್ರಿಕದ ಕಲೆಯ ಮ್ಯೂಸಿಯಂ ಇವೆ. ಅವುಗಳ ಚಾವಣಿ ಮೇಲೆ ಮಣ್ಣು ಹಾಕಿ ಮರ ಬೆಳೆಸಿದ್ದಾರೆ. ನಡುವೆ 144 ಅಡಿ ಉದ್ದದ ರಂಗೋಲಿಯಂಥ ಹೂವಿನ ಹಾಸು, ಋತು ಬದಲಾದಂತೆ ಅದರ ವಿನ್ಯಾಸವೂ ಬದಲು. ಒಂದು ಕಡೆ ಚೀನಾದ ಮಾದರಿಯ ದುಂಡು ಬಾಗಿಲಿನ ತೋಟ, ಇನ್ನೊಂದು ಕಡೆ ಸ್ಪೇನಿನ ಆಲಂಬ್ರಾ ಅರಮನೆ ನೋಡಿ ಮಾಡಿದ ಕಾರಂಜಿ ತೋಟ. ಅಲ್ಲಿ ಕಲ್ಲಿನ ಗೋಡೆ ಮೇಲೆ ತೆಳುವಾಗಿ ನೀರು ಇಳಿಯುತ್ತದೆ, ಅದಕ್ಕೆ ಚಾದರ್ ಅಂತಲೇ ಹೆಸರು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿಗೆ ಅಂಗೈ ಇಟ್ಟು ನೋಡಿ. ಮ್ಯೂಸಿಯಂ ಸುತ್ತಿ ಕಾಲು ಸೋತವರು, ಊಟದ ಡಬ್ಬಿ ತೆರೆದ ಆಫೀಸಿನವರು, ಮಗುವಿಗೆ ಹಾಲು ಕುಡಿಸುವ ತಾಯಿ, ಎಲ್ಲರೂ ಅಲ್ಲಿ ಕೂತಿದ್ದರು. ಯಾರೂ ಯಾರನ್ನೂ ಏಳಿ ಅನ್ನುವುದಿಲ್ಲ. ಮಾರ್ಚ್ ಕೊನೆಯಲ್ಲಿ ಹೋದರೆ ಮ್ಯಾಗ್ನೋಲಿಯಾ ಮರಗಳು ಎಲೆಯೇ ಇಲ್ಲದೆ ಬರೀ ಗುಲಾಬಿ ಹೂವಾಗಿ ನಿಂತಿರುತ್ತವೆ. 2014ರಲ್ಲಿ ಈ ಜಾಗವನ್ನೆಲ್ಲ ಬದಲಿಸುವ ಒಂದು ದೊಡ್ಡ ಯೋಜನೆ ಹೊರಬಂದಾಗ ಜನ ಸುಮ್ನೆ ಕೂರಲಿಲ್ಲ, ತೋಟ ಬೇಕು ಅಂತ ಪಟ್ಟು ಹಿಡಿದರು. ಕ್ಯಾಸಲ್ ಕಟ್ಟಡವನ್ನು 2023ರಲ್ಲಿ ದುರಸ್ತಿಗಾಗಿ ಮುಚ್ಚಿದರು, ಹಾಗಾಗಿ ಹೋಗುವ ಮುಂಚೆ ತೋಟದ ಯಾವ ಭಾಗ ತೆರೆದಿದೆ ಅಂತ ವಿಚಾರಿಸಿ.

ರಿವರ್ ಫಾರ್ಮ್ ಅನ್ನು ನಾನಿನ್ನೂ ನೋಡಿಲ್ಲ, ಆದರೆ ಅದರ ಕತೆ ಬಿಡಲಾಗದು. ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿ ದಡದಲ್ಲಿ, ಒಂದು ಕಾಲಕ್ಕೆ ಜಾರ್ಜ್ ವಾಷಿಂಗ್ಟನ್ ಅವರದೇ ಆಗಿದ್ದ ಜಮೀನು. 1970ರ ದಶಕದ ಶುರುವಿಗೆ ಅದು ಮಾರಾಟಕ್ಕೆ ಬಂದಾಗ ಸೋವಿಯತ್ ರಾಯಭಾರ ಕಚೇರಿ ಕೊಳ್ಳಲು ಮುಂದೆ ಬಂತು. ಅಮೆರಿಕದ ಜನ ಹೌಹಾರಿದರು. ಆಗಲೂ ಎನಿಡ್ 10 ಲಕ್ಷ ಡಾಲರ್ ಕೊಟ್ಟು, 1973ರಲ್ಲಿ ಅಮೆರಿಕನ್ ಹಾರ್ಟಿಕಲ್ಚರಲ್ ಸೊಸೈಟಿ ಅದನ್ನು ಕೊಳ್ಳುವ ಹಾಗೆ ಮಾಡಿದರು. ಜನರಿಗೆ ತೆರೆದಿರಬೇಕು ಅನ್ನುವುದು ಅವರ ಆಸೆ. 2020ರಲ್ಲಿ ಅದೇ ಸೊಸೈಟಿ ಆ ಜಾಗವನ್ನು 3.29 ಕೋಟಿ ಡಾಲರಿಗೆ ಮಾರಾಟಕ್ಕಿಟ್ಟಿತು! ಎನಿಡ್ ತೀರಿಕೊಂಡು ಆಗ 15 ವರ್ಷ. ಸುತ್ತಲಿನವರು, ವರ್ಜೀನಿಯಾದ ಸರ್ಕಾರಿ ಅಧಿಕಾರಿಗಳು, ತೋಟಗಾರಿಕೆಯವರು ಎಲ್ಲ ಎದ್ದು ನಿಂತರು, 2021ರಲ್ಲಿ ಸೊಸೈಟಿ ಮಾರಾಟದ ಯೋಚನೆ ಬಿಟ್ಟಿತು. ಕೊಟ್ಟವರು ಇಲ್ಲದ ಮೇಲೆ ಕೊಟ್ಟದ್ದನ್ನು ಕಾಯುವವರು ಬೇಕು. ಅಲ್ಲಿ ಕಾಯುವವರು ಸಿಕ್ಕರು.

ಮ್ಯಾನ್‌ಹಟನ್ನಿನ ಉತ್ತರ ತುದಿಯ ಕ್ಲಾಯ್‌ಸ್ಟರ್ಸ್ ಮ್ಯೂಸಿಯಂನ ತೋಟಗಳಿಗೂ ಅವರದೇ ನಿಧಿ ಇದೆ. ಬ್ರಾಂಕ್ಸ್‌ನಿಂದ ವಾಪಸ್ ಬರುವಾಗ ದಾರಿಯಲ್ಲೇ ನೋಡಬಹುದು, ಆದರೆ ಒಂದೇ ದಿನ ಎರಡೂ ಬೇಡ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಅಮ್ಮ ಕೇಳಿದಳು. ಮನೆತನದ್ದು ಇತ್ತು, ಸರಿ. ಆದರೆ 1983ರಲ್ಲಿ ಅವರು ತಮ್ಮ ಮನೆ ಗೋಡೆ ಮೇಲಿದ್ದ 15 ಚಿತ್ರಗಳನ್ನು ತಮ್ಮ ವಾಲ್ಟರ್‌ಗೇ ಮಾರಿದರು. ಸೆಜಾನ್, ಗೊಗ್ಯಾನ್, ಮೊನೆ, ವಾನ್ ಗಾಗ್ ಅಂಥವರದು. ಬಂದ ದುಡ್ಡು ತೋಟಗಳ ದಾರಿ ಹಿಡಿಯಿತು. ಜೀವಮಾನದಲ್ಲಿ ಅವರು ಕೊಟ್ಟದ್ದು 14 ಕೋಟಿ ಡಾಲರ್ ದಾಟುತ್ತದೆ. "ಗೋಡೆ ಖಾಲಿ ಮಾಡ್ಕೊಂಡ್ಳಾ?" ಅಂತ ಅಮ್ಮ ಆಶ್ಚರ್ಯಪಟ್ಟಳು. ಗೋಡೆ ಅಂದ ಕೂಡಲೇ ನಮಗಿಬ್ಬರಿಗೂ ಆ ಬೂದು ಗೋಡೆ ನೆನಪಾಯಿತು ಅಂತ ಕಾಣುತ್ತದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮಗೆ ಒಟ್ಟು ಮೂರು ಗಂಟೆ ಹಿಡಿಯಿತು. ವೀಲ್‌ಚೇರ್ ತಳ್ಳಿಕೊಂಡು ಹೋಗಲು ದಾರಿ ಸಮತಟ್ಟಾಗಿದೆ, ಬಾಗಿಲುಗಳು ಅಗಲ. ಪ್ರದರ್ಶನದ ಜನಸಂದಣಿಯಲ್ಲಿ ಮಾತ್ರ ನಿಧಾನ ಹೋಗಬೇಕು. ವಯಸ್ಸಾದವರನ್ನು, ಹುಷಾರಿಲ್ಲದೆ ಎದ್ದವರನ್ನು ಕರೆದುಕೊಂಡು ಹೋಗಲು ನನಗೆ ಗೊತ್ತಿರುವ ಜಾಗಗಳಲ್ಲಿ ಇದೇ ಮೊದಲನೆಯದು. 5ಕ್ಕೆ 5 ಕೊಡುತ್ತೇನೆ, ಟಿಕೆಟ್ ದುಡ್ಡು ಲೆಕ್ಕ ಹಾಕಿಯೂ.

ಹೊರಡುವ ಮುಂಚೆ ಅಲ್ಲಿನ ಅಂಗಡಿಯಲ್ಲಿ ಒಂದು ಸಣ್ಣ ಆರ್ಕಿಡ್ ಗಿಡ ಕೊಂಡೆವು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಯವರೆಗೂ ಬಂದಳು. ಈಗ ಅದು ಅವಳ ಕಿಟಕಿಯಲ್ಲಿದೆ. ವಾರಕ್ಕೊಂದು ಸಲ ನೀರು ಹಾಕುವುದು ಅವಳ ಕೆಲಸ. ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತೇನೆ ಅಂತ ಹಠ. ಅರ್ಧ ನೀರು ಚೆಲ್ಲುತ್ತದೆ, ನಾನು ಕೆಳಗೆ ಒಂದು ಹಳೇ ಟವೆಲ್ ಹಾಸಿಟ್ಟಿದ್ದೇನೆ.